ಮುಂದೆ ಬ್ಲೇಡು, ಹಿಂದೆ ಚೀಲ

ನಮ್ಮೂರು ಬೇಡಕಿಹಾಳದಲ್ಲಿ ಹಿಮ ಬಿದ್ದದ್ದನ್ನು ನಮ್ಮಜ್ಜನೂ ಕಂಡಿಲ್ಲ, ಅವನ ಅಜ್ಜನೂ ಕಂಡಿಲ್ಲ. ಚಳಿಗಾಲದ ನಸುಕಿನಲ್ಲಿ ಕಬ್ಬಿನ ರವದಿಯ ಮೇಲೆ ಕೂತ ಇಬ್ಬನಿಯೇ ನಮ್ಮ ಪಾಲಿನ ಹಿಮ. ಆದರೂ ಹೋದ ನವೆಂಬರಿನ ಒಂದು ಸಂಜೆ, ಟ್ರೇಲರಿನ ಮುರಿದ ಹುಕ್ಕು ಬೆಸೆಸಿಕೊಳ್ಳಲು ಊರ ಹೊರಗಿನ ವೆಲ್ಡಿಂಗ್ ಗ್ಯಾರೇಜಿನಲ್ಲಿ ಸರದಿ ಕಾಯುತ್ತಿದ್ದಾಗ, ನಾನೂ ಮಿಸ್ತ್ರಿಯೂ ಒಂದು ತಾಸು ಹಿಮದ ಮಾತನ್ನೇ ಆಡಿದೆವು. ಅದಕ್ಕೆ ಕಾರಣ ನನ್ನ ತಂಗಿಯ ಮಗ.

ಅವನಿರುವುದು ಅಮೆರಿಕದ ಮಿಷಿಗನ್ ರಾಜ್ಯದಲ್ಲಿ, ಗ್ರ್ಯಾಂಡ್ ರಾಪಿಡ್ಸ್ ಪಟ್ಟಣದ ಅಂಚಿನಲ್ಲಿ. ಮೋಟಾರು ಕಾರ್ಖಾನೆಗಳ ಬೆನ್ನು ಹತ್ತಿ ಆ ರಾಜ್ಯಕ್ಕೆ ಹೋದ ಕನ್ನಡಿಗರು ಕಡಿಮೆಯಿಲ್ಲ. ಡೆಟ್ರಾಯಿಟ್ ಸುತ್ತಿನ ನಮ್ಮವರು ಕಟ್ಟಿಕೊಂಡ ಸಂಘದ ಹೆಸರೇ ಪಂಪ ಕನ್ನಡ ಕೂಟ. ಹುಡುಗ ಮಧ್ಯಮ ಗಾತ್ರದ ಒಂದು ಪಿಕಪ್ ತಗೊಂಡಿದ್ದ. ನಮ್ಮ ರಸ್ತೆಗಳಲ್ಲಿ ಟೊಯೊಟಾ ಹೈಲಕ್ಸ್, ಇಸುಝು ವಿ-ಕ್ರಾಸ್ ಕಾಣುತ್ತವಲ್ಲ, ಹೆಚ್ಚುಕಡಿಮೆ ಅದೇ ಅಳತೆ. ಫೋನಿನಲ್ಲಿ ಶುರುಮಾಡಿದ: “ಮಾಮಾ, ಹ್ವಾದ ವರ್ಸ ಸಲಿಕಿ ಹಿಡದ ಹಿಡದ ನಡಾ ಹೋತು. ಈ ಸಲ ಗಾಡಿಗೆ ಹಿಮಾ ತಳ್ಳೂ ಬ್ಲೇಡ್ ಕೂಡ್ರಸಬೇಕಂತ ಮಾಡೇನಿ. ನಿಮ್ಮ ಮಿಸ್ತ್ರಿನ್ನ ಒಂದ ಮಾತ ಕೇಳ್ರಿ.”

ಅಮೆರಿಕದಲ್ಲಿ ಕೇಳುವವರು ಇಲ್ಲವೇ ಎಂದು ನಗಬಹುದು. ಇದ್ದಾರೆ, ಬೇಕಾದಷ್ಟಿದ್ದಾರೆ, ಎಲ್ಲರೂ ಬ್ಲೇಡು ಮಾರುವವರು. ಕೂರಿಸಿ, ಮುರಿಸಿಕೊಂಡು, ಮತ್ತೆ ಕೂರಿಸಿದವನ ಮಾತು ಅವನಿಗೆ ಬೇಕಾಗಿತ್ತು. ಹಾಗೆ ಮುರಿಸಿಕೊಂಡವನು ನಾನು. ಸರಿಮಾಡಿಕೊಟ್ಟವನು ಈ ಮಿಸ್ತ್ರಿ.

ಹುಡುಗನ ಊರಿನಲ್ಲಿ ವರ್ಷಕ್ಕೆ ಸರಾಸರಿ ಆರಡಿಯ ಮೇಲೆ ಹಿಮ ಬೀಳುತ್ತದೆ. ಇದೇ ರಾಜ್ಯದ ಪೂರ್ವಕ್ಕಿರುವ ಡೆಟ್ರಾಯಿಟ್‌ಗೆ ಅಷ್ಟು ಬೀಳುವುದಿಲ್ಲ. ವ್ಯತ್ಯಾಸ ಏಕೆಂದು ನಮ್ಮ ಸೀಮೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅರಬ್ಬಿ ಸಮುದ್ರದ ಗಾಳಿ ನೀರು ಹೊತ್ತು ಬಂದು ಘಟ್ಟಕ್ಕೆ ಬಡಿದು ಗಗನಬಾವಡಾದಲ್ಲಿ ಐದು ಸಾವಿರ ಮಿಲಿಮೀಟರ್ ದಾಟಿ ಸುರಿಯುತ್ತದೆ. ಅಲ್ಲಿಂದ ನೂರು ಕಿಲೋಮೀಟರೂ ಇಲ್ಲದ ಚಿಕ್ಕೋಡಿ ಕಡೆಗೆ ಬರುವಷ್ಟರಲ್ಲಿ ಆರೇಳು ನೂರಕ್ಕೆ ಇಳಿದಿರುತ್ತದೆ. ಮಿಷಿಗನ್ನಿನಲ್ಲಿ ಸಮುದ್ರದ ಕೆಲಸವನ್ನು ಕೆರೆ ಮಾಡುತ್ತದೆ. ಮಿಷಿಗನ್ ಸರೋವರದ ನೀರು ಚಳಿಗಾಲದ ಆರಂಭದಲ್ಲಿ ಇನ್ನೂ ತುಸು ಬೆಚ್ಚಗಿರುತ್ತದೆ. ಅದರ ಮೇಲೆ ವಾಯವ್ಯದ ಕೊರೆಯುವ ಗಾಳಿ ಹಾದು ಬಂದು, ಹಾದಿಯಲ್ಲಿ ಹೀರಿದ ತೇವವನ್ನೆಲ್ಲ ಪೂರ್ವ ದಂಡೆಯ ಊರುಗಳ ಮೇಲೆ ಹಿಮವಾಗಿ ಕೊಡವುತ್ತದೆ. ನಮ್ಮ ಹುಡುಗನ ಮನೆ ಆ ಕೊಡವುವ ಜಾಗದಲ್ಲೇ ಇದೆ.

ಸಿನಿಮಾದ ಹಾಡು ನೋಡಿ ಹಿಮವೆಂದರೆ ಅರಳೆ ಅಂದುಕೊಂಡವರು ನಾವು. ಲೆಕ್ಕ ಬೇರೆಯೇ ಇದೆ. ಆಗತಾನೆ ಬಿದ್ದ ಹಗುರ ಹಿಮ ಒಂದು ಘನ ಮೀಟರಿಗೆ 100 ಕೆ.ಜಿ.ಯೊಳಗೆ ತೂಗಬಹುದು. ಎರಡು ದಿನ ಕೂತು ಕುಗ್ಗಿದ್ದು ಅಥವಾ ಹಸಿಯಾಗಿ ಬಿದ್ದದ್ದು 300 ಕೆ.ಜಿ. ಮುಟ್ಟುತ್ತದೆ, ದಾಟುವುದೂ ಉಂಟು. ರಸ್ತೆಯಿಂದ ಅವನ ಗ್ಯಾರೇಜಿನವರೆಗೆ 30 ಮೀಟರ್ ಉದ್ದ, 4 ಮೀಟರ್ ಅಗಲದ ಹಾದಿ. ಒಂದು ಗೇಣು, ಅಂದರೆ 20 ಸೆಂಟಿಮೀಟರ್ ಬಿತ್ತು ಅನ್ನಿ: 24 ಘನ ಮೀಟರ್. ಹಗುರದ್ದಾದರೆ ಎರಡೂವರೆ ಟನ್ನಿನ ಹತ್ತಿರ, ಹಸಿಯದಾದರೆ ಏಳು ಟನ್ ದಾಟಿತು. ಅದನ್ನು ಬೆಳಿಗ್ಗೆ ಕೆಲಸಕ್ಕೆ ಹೋಗುವ ಮೊದಲು ಸಲಿಕೆಯಲ್ಲಿ ಎತ್ತಿ ಪಕ್ಕಕ್ಕೆ ಹಾಕಬೇಕು. ನಡ ಹೋಗದೆ ಏನಾದೀತು.

ಹಿಮದ ತೂಕ ನಮ್ಮ ನಾಡಿಗೆ ಒಮ್ಮೆ ತಿಳಿದಿದೆ. 2016ರ ಫೆಬ್ರುವರಿಯಲ್ಲಿ ಸಿಯಾಚಿನ್‌ನಲ್ಲಿ ಹಿಮದ ಗೋಡೆ ಕುಸಿದು, ಕುಂದಗೋಳ ತಾಲ್ಲೂಕಿನ ಬೆಟದೂರಿನ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆರು ದಿನ ಅದರಡಿ ಸಿಲುಕಿದ್ದರು. ಜೀವಂತ ಹೊರತೆಗೆದರೂ ಉಳಿಯಲಿಲ್ಲ. ಆ ವಾರ ನಮ್ಮೂರ ಚಹಾದ ಅಂಗಡಿಯಲ್ಲೂ ಎಲ್ಲರೂ ಹಿಮ ಎಷ್ಟು ಅಡಿ, ಎಷ್ಟು ಗಟ್ಟಿ ಎಂದೇ ಕೇಳುತ್ತಿದ್ದರು.

ಮಿಸ್ತ್ರಿಗೆ ಮಾತ್ರ ಹಿಮಕ್ಕಿಂತ ಗಾಡಿಯ ಚಿಂತೆ. ನನ್ನ ಫೋನಿನಲ್ಲಿ ಪಿಕಪ್ಪಿನ ಫೋಟೊ ನೋಡಿ ಮೊದಲು ಕೇಳಿದ್ದು, “ಬ್ಲೇಡ್ ಎಷ್ಟ ಕಿಲೋ?” ಎರಡನೆಯದು, “ಮುಂದಿನ ಗಾಲಿಯಿಂದ ಎಷ್ಟ ದೂರ ನಿಲ್ಲತೈತಿ?” ಬ್ಲೇಡಿನ ಅಗಲ, ಬೆಲೆ, ಬಣ್ಣ ಯಾವುದನ್ನೂ ಕೇಳಲಿಲ್ಲ.

ಆ ಎರಡು ಪ್ರಶ್ನೆ ಕಲಿಯಲು ನನಗೆ 2019 ಬರಬೇಕಾಯಿತು. ಆ ಆಗಸ್ಟಿನಲ್ಲಿ ದೂಧಗಂಗಾ, ವೇದಗಂಗಾ ಎರಡೂ ಒಮ್ಮೆಲೆ ಏರಿದವು. ಕಾರದಗಾ–ಭೋಜ, ಮಲಿಕವಾಡ–ದತ್ತವಾಡದ ತಗ್ಗು ಸೇತುವೆಗಳು ಮುಳುಗುವುದು ನಮಗೆ ಪ್ರತಿ ಮಳೆಗಾಲದ ಸುದ್ದಿ. ಆ ವರ್ಷ ಯಮಗರ್ಣಿ ಹತ್ತಿರ ಪುಣೆ–ಬೆಂಗಳೂರು ಹೆದ್ದಾರಿಯೇ ನಿಂತುಹೋಯಿತು. 2021ರ ಜುಲೈನಲ್ಲಿ ಮತ್ತೆ ಅದೇ ಆಯಿತು. ನೀರು ಬರುವಾಗ ಎಲ್ಲರೂ ನೋಡುತ್ತಾರೆ. ಇಳಿದ ಮೇಲೆ ಉಳಿಯುವ ರಾಡಿಯನ್ನು ದಂಡೆಯವರೇ ಬಳಿಯಬೇಕು. ಅಂಗಳದಲ್ಲಿ, ಗೋದಲಿಯಲ್ಲಿ, ಹೊಲದ ದಾರಿಯಲ್ಲಿ ಮೊಣಕಾಲುದ್ದ ಕಪ್ಪು ಜಿಗುಟು. ಘನ ಮೀಟರಿಗೆ ಒಂದೂವರೆ ಟನ್ನಿನ ಮೇಲೆ ತೂಗುವ ಪದಾರ್ಥ, ಹಸಿ ಹಿಮದ ಐದಾರು ಪಟ್ಟು. ಜೆಸಿಬಿಗಳು ಕೈಗೆ ಸಿಗಲಿಲ್ಲ. ಟ್ರ್ಯಾಕ್ಟರ್ ಇದ್ದವರು ಮುಂದೆ ಡೋಜರ್ ಬ್ಲೇಡ್ ಕಟ್ಟಿಸಿದರು. ನಾನೂ ಅವಸರದಲ್ಲಿ, ಸಿಕ್ಕ ಕಡೆ, ಸಿಕ್ಕ ದಪ್ಪದ ತಗಡಿನಲ್ಲಿ ಕಟ್ಟಿಸಿದೆ.

ಮೂರು ವಾರ ಓಡಿತು. ಮೊದಲ ದಿನದಿಂದಲೇ ಸ್ಟೇರಿಂಗ್ ಕಲ್ಲಾಗಿತ್ತು. ಭಾರದ ಕೆಲಸ, ಇರಬೇಕು ಅಂದುಕೊಂಡೆ. ಹಿಂದಿನ ದೊಡ್ಡ ಗಾಲಿಗಳು ರಾಡಿಯಲ್ಲಿ ನಿಂತಲ್ಲೇ ಗಿರಗಿರ ತಿರುಗುತ್ತಿದ್ದವು. ರಾಡಿಯ ಗುಣ ಅಂದುಕೊಂಡೆ. ಒಂದು ಮಧ್ಯಾಹ್ನ ಮುಂದಿನ ಅಚ್ಚಿನ ನಡುಪಿನ್ನು ಕಟ್ಟೆಂದು ಮುರಿದು, ಟ್ರ್ಯಾಕ್ಟರ್ ನೀರು ಕುಡಿಯಲು ಬಗ್ಗಿದ ಎಮ್ಮೆಯಂತೆ ಮೂಗು ಊರಿ ನಿಂತಿತು. ಆಗ ಬಂದದ್ದು ಈ ಮಿಸ್ತ್ರಿ. ಬ್ಲೇಡಿನ ಕಡೆ ನೋಡಲೇ ಇಲ್ಲ. ಟ್ರ್ಯಾಕ್ಟರಿನ ಹಿಂದೆ ಹೋಗಿ ನಿಂತು, “ಇಲ್ಲಿ ಏನೂ ಕಟ್ಟಿಲ್ಲಲ್ರಿ” ಅಂದ.

ಚಕ್ಕಡಿ ಹೇರಿದವರಿಗೆ ಇದು ಗೊತ್ತು. ಹೇರು ಹಿಂದಕ್ಕೆ ಜಾಸ್ತಿಯಾದರೆ ನೊಗ ಮೇಲೆದ್ದು ಜತ್ತಿಗೆ ಎತ್ತಿನ ಕೊರಳು ಹಿಸುಕುತ್ತದೆ. ಮುಂದಕ್ಕೆ ಜಾಸ್ತಿಯಾದರೆ ಹೆಗಲು ಕಿತ್ತುಬರುತ್ತದೆ. ಹೇರು ಎಷ್ಟು ಎನ್ನುವಷ್ಟೇ ಅದು ಅಚ್ಚಿನಿಂದ ಎಷ್ಟು ಆಚೆ ಕೂತಿದೆ ಎನ್ನುವುದೂ ಮುಖ್ಯ. ಬ್ಲೇಡು ಮುಂದಿನ ಗಾಲಿಗಿಂತಲೂ ಮುಂದೆ, ಗಾಳಿಯಲ್ಲಿ ನೇತಾಡುವ ಹೇರು. ಮುಂದಿನ ಅಚ್ಚು ತಕ್ಕಡಿಯ ಮುಳ್ಳಾಗುತ್ತದೆ, ಹಿಂದಿನ ಗಾಲಿ ಇನ್ನೊಂದು ತಟ್ಟೆ. ಮುಂದೆ ತೂಗುಹಾಕಿದರೆ ಹಿಂದೆ ಏಳಲೇಬೇಕು.

ಹುಡುಗನ ಗಾಡಿಗೆ ಇದನ್ನು ಅಂಕಿಯಲ್ಲಿ ಕೂಡಿಸಿದೆವು, ಗ್ಯಾರೇಜಿನ ತಗಡಿನ ಮೇಲೆ ಸುಣ್ಣದ ಕಡ್ಡಿಯಿಂದ. ಮುಂದಿನ ಅಚ್ಚಿಗೂ ಹಿಂದಿನ ಅಚ್ಚಿಗೂ ನಡುವೆ 3.2 ಮೀಟರ್. ಬ್ಲೇಡಿನ ಭಾರ ಮುಂದಿನ ಅಚ್ಚಿನಿಂದ 1.4 ಮೀಟರ್ ಮುಂದೆ ನಿಲ್ಲುತ್ತದೆ. ಅವನು ಮನಸ್ಸು ಮಾಡಿದ್ದ ಬ್ಲೇಡು, ಅದರ ಚೌಕಟ್ಟು, ಪಂಪು ಎಲ್ಲ ಸೇರಿ 200 ಕೆ.ಜಿ. ಇವಿಷ್ಟರಿಂದ ಮುಂದಿನ ಅಚ್ಚಿನ ಮೇಲೆ ಹೆಚ್ಚುವ ಭಾರ 200 ಅಲ್ಲ, 287 ಕೆ.ಜಿ. ಆ ಹೆಚ್ಚಿನ 87 ಬಂದದ್ದು ಹಿಂದಿನ ಗಾಲಿಯಿಂದ; ಅಲ್ಲಿ ಅಷ್ಟು ಕಡಿಮೆಯಾಯಿತು. ಖಾಲಿ ಪಿಕಪ್ಪಿನ ಹಿಂಬದಿ ಮೊದಲೇ ಹಗುರ. ಜಾರುವ ಹಿಮದ ಮೇಲೆ ಅದನ್ನು ಇನ್ನಷ್ಟು ಹಗುರ ಮಾಡಿದಂತಾಯಿತು.

ಹಿಂದೆ ಚೀಲ ಇಟ್ಟರೆ ಸರಿಹೋಗುತ್ತದೆ ಎಂದು ಅಲ್ಲಿನ ಅಂಗಡಿಯವರೂ ಹೇಳುತ್ತಾರೆ, ನಿಜ. ಹಿಂದಿನ ಅಚ್ಚಿನಿಂದ 60 ಸೆಂಟಿಮೀಟರ್ ಹಿಂದೆ 74 ಕೆ.ಜಿ. ಇಟ್ಟರೆ ಕಳೆದುಹೋದ 87 ಮರಳಿ ಬರುತ್ತದೆ. ನಮ್ಮ ಯೂರಿಯಾ ಚೀಲ 45 ಕೆ.ಜಿ., ಹಾಗಾಗಿ ಎರಡು ಚೀಲವೂ ಬೇಡ. ಅದೇ ಚೀಲ ಮುಂದಿನ ಅಚ್ಚಿಗೆ ಕೊಡುವ ಬಿಡುವು ಎಷ್ಟು ಗೊತ್ತೆ? 14 ಕೆ.ಜಿ. 287ರಲ್ಲಿ 14. ಹಿಂದಿನ ಚೀಲ ಹಿಂದಿನ ಗಾಲಿಗೆ ಹಿಡಿತ ಕೊಟ್ಟೀತು, ಮುಂದಿನ ಅಚ್ಚಿನ ಬೇನೆಯನ್ನು ಕಳೆಯದು. ಎಷ್ಟೋ ಜನ ಚೀಲ ಹಾಕಿಬಿಟ್ಟೆವೆಂದು ನಿಶ್ಚಿಂತರಾಗಿ, ಎರಡು ಚಳಿಗಾಲ ಕಳೆಯುವುದರೊಳಗೆ ಮುಂದಿನ ಬಾಲ್ ಜಾಯಿಂಟ್, ಬೇರಿಂಗ್ ಬದಲಿಸುವುದು ಇದಕ್ಕೇ.

ಮುಂದಿನ ಅಚ್ಚು ಎಷ್ಟು ತಡೆಯುತ್ತದೆ ಎನ್ನುವುದನ್ನು ಆ ದೇಶದಲ್ಲಿ ಗಾಡಿಯ ಮೇಲೇ ಬರೆದಿರುತ್ತಾರೆ. ಚಾಲಕನ ಬಾಗಿಲು ತೆಗೆದರೆ ಕಂಬದ ಮೇಲೊಂದು ಚೀಟಿ; ಅದರಲ್ಲಿ ಮುಂದಿನ ಅಚ್ಚಿಗೆ ಇಷ್ಟು, ಹಿಂದಿನದಕ್ಕೆ ಇಷ್ಟು ಎಂದು ಬೇರೆ ಬೇರೆ ಮಿತಿ. ಈಗ ಗಾಡಿಯ ಮುಂಭಾಗ ಎಷ್ಟು ತೂಗುತ್ತಿದೆ ಎಂದು ತಿಳಿದರೆ ಉಳಿದದ್ದು ಕಳೆಯುವ ಲೆಕ್ಕ. ಇದಕ್ಕೆ ಕಾಟಾ ಬೇಕು. ಕಾಟಾದ ವಿಷಯದಲ್ಲಿ ಕಬ್ಬು ಬೆಳೆಯುವವರಾದ ನಮಗೆ ಯಾರೂ ಪಾಠ ಹೇಳಬೇಕಾಗಿಲ್ಲ. ಹೇರಿದ ಟ್ರೇಲರ್ ಏರಿದಾಗ ಅಂಕಿಯ ಮೇಲೆ ನೆಟ್ಟ ಕಣ್ಣು ಇಳಿಯುವವರೆಗೂ ಕೀಳುವುದಿಲ್ಲ. ಅಲ್ಲಿ ಹೆದ್ದಾರಿ ಬದಿಯ ಟ್ರಕ್ ನಿಲ್ದಾಣಗಳಲ್ಲಿ ಅಚ್ಚುಗಳನ್ನು ಬೇರೆ ಬೇರೆಯಾಗಿ ತೂಗುವ ಕಾಟಾಗಳೇ ಇವೆ. ಹುಡುಗ ತಾನು ಕೂತು, ಪಕ್ಕಕ್ಕೆ ಹೆಂಡತಿಯನ್ನು ಕೂರಿಸಿಕೊಂಡು, ಟ್ಯಾಂಕ್ ತುಂಬಿಸಿ ಹೋಗಿ ತೂಗಿಸಿ ಬಂದ. ಚೀಟಿಯ ಮಿತಿಗೆ 250 ಕೆ.ಜಿ. ಅಷ್ಟೇ ಬಾಕಿ. 200 ಕೆ.ಜಿ.ಯ ಬ್ಲೇಡು ಅಲ್ಲಿಗೇ ಬಿದ್ದುಹೋಯಿತು. 150 ಕೆ.ಜಿ.ಯದಾದರೆ ಮುಂದೆ ಹೆಚ್ಚುವುದು 216, ಚೀಲದ ಬಿಡುವು ಕಳೆದು ಸುಮಾರು 200. ಅದು ನಡೆಯುತ್ತದೆ.

ಈ ಅಳತೆಯ ಪಿಕಪ್ಪುಗಳಿಗೆ ಅಗ್ಗವೆಂದೋ ಗಟ್ಟಿಯೆಂದೋ ದೊಡ್ಡ ಬ್ಲೇಡು ಕಟ್ಟುವುದು ಶುದ್ಧ ಹುಂಬತನ ಎಂಬುದು ನನ್ನ ಮಾತು. ಫೋರ್ಡ್ ಎಫ್-250ರಂಥ ದೊಡ್ಡ ಗಾಡಿಗಳಿಗೆ ಕಂಪನಿಯೇ ಪ್ಲೋ ಪ್ಯಾಕೇಜ್ ಎಂದು ಗಟ್ಟಿ ಸ್ಪ್ರಿಂಗ್, ಹೆಚ್ಚಿನ ಆಲ್ಟರ್ನೇಟರ್ ಹಾಕಿ ಕೊಡುತ್ತದೆ. ಅವುಗಳ ಬ್ಲೇಡು 300 ಕೆ.ಜಿ. ದಾಟಿರುತ್ತದೆ, ಅವುಗಳ ಮುಂದಿನ ಅಚ್ಚು ಅದಕ್ಕೆಂದೇ ಹುಟ್ಟಿದ್ದು. ಮಧ್ಯಮ ಗಾಡಿಯ ಮುಂದಿನ ಗಾಲಿಗಳು ಒಂದೊಂದೂ ತನ್ನಷ್ಟಕ್ಕೆ ಏರಿಳಿಯುವ ಮೆತ್ತನೆಯ ಸಸ್ಪೆನ್ಷನ್ನಿನವು. ಸವಾರಿಗೆ ಸುಖ, ಹೊರೆಗೆ ಅಲ್ಲ. ತನ್ನ ಮನೆಯ ಹಾದಿ, ಬೇಕಿದ್ದರೆ ಪಕ್ಕದ ಮನೆಯ ಮುದುಕರ ಹಾದಿ, ಅಷ್ಟಕ್ಕೆ ಹಗುರ ಬ್ಲೇಡು ಸಾಕು. ಅದರಿಂದ ಊರೆಲ್ಲ ಸುತ್ತಿ ಕಾಸು ಮಾಡಲು ಹೊರಟರೆ ಗಳಿಸಿದ್ದು ಗ್ಯಾರೇಜಿಗೆ ಹೋಗುತ್ತದೆ.

ಹಿಮ ತೆಗೆಯುವ ಈ ಹಲಗೆ ಹಳೆಯದೇ. ಅಮೆರಿಕದ ಮಿಲ್ವಾಕಿಯಲ್ಲಿ 1862ರಲ್ಲೇ ಕುದುರೆಗಳಿಗೆ ಕಟ್ಟಿ ಎಳೆಸಿದ್ದರು. ಮೋಟಾರು ಗಾಡಿಗಳ ಮೂತಿಗೆ ಅದು ಬಂದದ್ದು ಇಪ್ಪತ್ತನೇ ಶತಮಾನದ ಆರಂಭದ ದಶಕಗಳಲ್ಲಿ. ನಮ್ಮ ದೇಶದಲ್ಲಿ ಈ ಕೆಲಸ ನೋಡಬೇಕಾದರೆ ಜೋಜಿಲಾದಂಥ ಕಣಿವೆಗೆ ಹೋಗಬೇಕು. 1960ರಲ್ಲಿ ಹುಟ್ಟಿದ ಗಡಿ ರಸ್ತೆಗಳ ಸಂಸ್ಥೆಯವರು ಅಲ್ಲಿ ಆಳೆತ್ತರದ ಹಿಮ ಕಡಿಯುತ್ತಾರೆ. ಆ ಯಂತ್ರಗಳು ಹತ್ತಾರು ಟನ್ನಿನವು, ಬ್ಲೇಡಿನ ಭಾರ ಅವಕ್ಕೆ ಮೂಗುತಿಯಷ್ಟೇ. ನಮ್ಮ ತಕ್ಕಡಿಯ ತಾಪತ್ರಯವೆಲ್ಲ ಸಣ್ಣ ಗಾಡಿಗಳದು.

ಇನ್ನು ಕೂರಿಸುವ ಕೆಲಸ. ಟ್ರ್ಯಾಕ್ಟರಿನಲ್ಲಿ ನಾವು ಬ್ಲೇಡಿನ ಎರಡು ತೋಳುಗಳನ್ನು ಹೊಟ್ಟೆಯ ಕೆಳಗೆ ಉದ್ದಕ್ಕೆ ಎಳೆದು ಹಿಂದಿನ ಅಚ್ಚಿನ ಹತ್ತಿರ ಬಿಗಿಯುತ್ತೇವೆ, ತಳ್ಳುವ ಏಟು ಗಟ್ಟಿ ಜಾಗಕ್ಕೆ ಹೋಗಲೆಂದು. ಪಿಕಪ್ಪಿನಲ್ಲಿ ಬಂಪರಿನ ಹಿಂದಿರುವ ಚಾಸಿಯ ಎರಡು ತೊಲೆಗಳೇ ಗಟ್ಟಿ ಜಾಗ. ಆಯಾ ಮಾದರಿಗೆಂದೇ ಮಾಡಿದ ಚೌಕಟ್ಟು ಸಿಗುತ್ತದೆ, ಕಂಪನಿ ಕೊರೆದ ತೂತುಗಳಿಗೇ ಕೂರುತ್ತದೆ. “ತೂತ ಕೊರೀಬ್ಯಾಡ ಅನ್ರಿ, ವೆಲ್ಡಿಂಗಂತೂ ಬ್ಯಾಡೇ ಬ್ಯಾಡ” ಎಂದ ಮಿಸ್ತ್ರಿ. ವೆಲ್ಡಿಂಗೇ ಅನ್ನ ಹಾಕುವವನ ಬಾಯಲ್ಲಿ ಈ ಮಾತು ಕೇಳಿ ನನಗೆ ನಗು ಬಂತು. ಚಾಸಿಯ ಉಕ್ಕು ಕಾದರೆ ಆ ಜಾಗ ಬಲ ಕಳೆದುಕೊಂಡು ಮುಂದೊಂದು ದಿನ ಅಲ್ಲಿಂದಲೇ ಸೀಳುತ್ತದೆ, ಅವನು ಕಂಡಿದ್ದಾನೆ.

ಬ್ಲೇಡು ಎತ್ತಲು ಟ್ರ್ಯಾಕ್ಟರಿನಲ್ಲಿ ಹೈಡ್ರಾಲಿಕ್ ಇದ್ದೇ ಇದೆ. ಪಿಕಪ್ಪಿನಲ್ಲಿ ಇಲ್ಲ. ಹಾಗಾಗಿ ಬ್ಲೇಡಿನ ಜೊತೆಗೇ ಪುಟ್ಟದೊಂದು ಎಣ್ಣೆ ಪಂಪು, ಅದಕ್ಕೊಂದು 12 ವೋಲ್ಟಿನ ಮೋಟಾರು ಬರುತ್ತವೆ. ಎತ್ತುವ ಕ್ಷಣದಲ್ಲಿ ಆ ಮೋಟಾರು ಸೆಲ್ಫ್ ಹೊಡೆದಷ್ಟೇ ಹಸಿವಿನಿಂದ ಬ್ಯಾಟರಿಯನ್ನು ಹೀರುತ್ತದೆ. ಕೊರೆಯುವ ಚಳಿಯಲ್ಲಿ ಬ್ಯಾಟರಿ ಮೊದಲೇ ಅರೆಜೀವ. ಮುದಿ ಬ್ಯಾಟರಿ ಇದ್ದರೆ ಬ್ಲೇಡಿಗಿಂತ ಮೊದಲು ಅದನ್ನು ಬದಲಿಸಬೇಕು. ಹೆಡ್‌ಲೈಟಿನದು ಇನ್ನೊಂದು ಕತೆ. ಎತ್ತಿದ ಬ್ಲೇಡು ದೀಪಕ್ಕೆ ಅಡ್ಡ ನಿಲ್ಲುತ್ತದೆ, ಅದಕ್ಕಾಗಿ ಮೇಲೆ ಬೇರೆ ಜೋಡಿ ದೀಪ. ಎತ್ತಿದ ಬ್ಲೇಡು ರೇಡಿಯೇಟರಿಗೂ ಅಡ್ಡ. ಹಾಗೇ ಹೆದ್ದಾರಿಯಲ್ಲಿ ಓಡಿಸಿದರೆ ಶೂನ್ಯಕ್ಕಿಂತ ಹತ್ತು ಡಿಗ್ರಿ ಕೆಳಗಿನ ಚಳಿಯಲ್ಲೂ ಎಂಜಿನ್ ಕುದಿಯಬಹುದು. ಇದನ್ನು ಕೇಳಿ ಮಿಸ್ತ್ರಿ ಬಹಳ ಹೊತ್ತು ಖುಷಿಪಟ್ಟ.

ನನಗೆ ಹಿಡಿಸಿದ್ದು ಬ್ಲೇಡಿನ ಬೆನ್ನಿಗಿರುವ ಸ್ಪ್ರಿಂಗು. ಹಿಮದಡಿ ಅಡಗಿದ ಕಲ್ಲಿಗೋ ಕಾಂಕ್ರೀಟಿನ ಅಂಚಿಗೋ ಬಡಿದಾಗ ಬ್ಲೇಡು ಮುಂದಕ್ಕೆ ಮಡಚಿ, ದಾಟಿದ ಮೇಲೆ ತಾನೇ ನೆಟ್ಟಗಾಗುತ್ತದೆ. ನಮ್ಮ ಸ್ಪ್ರಿಂಗ್ ಕಲ್ಟಿವೇಟರಿನ ಹಲ್ಲು ಕಲ್ಲಿಗೆ ತಾಗಿದಾಗ ಹಿಂದಕ್ಕೆ ಬಾಗಿ ಮತ್ತೆ ಮಣ್ಣಿಗಿಳಿಯುವ ಜಾಣತನವೇ ಅದು. ಅದು ಇಲ್ಲದಿದ್ದರೆ ಏಟೆಲ್ಲ ಚಾಸಿಗೆ, ಅಲ್ಲಿಂದ ಚಾಲಕನ ಎದೆಗೆ. ಕೆಲವು ಸಲ ಏರ್‌ಬ್ಯಾಗೂ ಅಪಘಾತವೆಂದು ತಿಳಿದು ಬಿಚ್ಚಿಕೊಳ್ಳಬಹುದು. ಹುಡುಗನ ಹಾದಿ ಅರ್ಧ ಜಲ್ಲಿಯದು. ಜಲ್ಲಿ ಇದ್ದಲ್ಲಿ ಬ್ಲೇಡಿನ ಕೆಳಗೆ ಬಟ್ಟಲಿನಂಥ ಕಬ್ಬಿಣದ ಪಾದ ಕೂರಿಸಿ ಎರಡು ಬೆರಳು ಎತ್ತರದಲ್ಲಿ ಓಡಿಸಬೇಕು, ಇಲ್ಲವಾದರೆ ಹಿಮದ ಜೊತೆ ಹಾದಿಯೂ ಹುಲ್ಲಿಗೆ ಹೋಗುತ್ತದೆ.

ನಮ್ಮಲ್ಲಿ ಕಾರಿನ ಮೂತಿಗೆ ಕಬ್ಬಿಣ ಕಟ್ಟುವುದಕ್ಕೆ ಕಾನೂನು ಒಪ್ಪುವುದಿಲ್ಲ. 2017ರ ಡಿಸೆಂಬರಿನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ಕ್ರ್ಯಾಶ್ ಗಾರ್ಡುಗಳ ಮೇಲೆ ಕ್ರಮ ಕೈಗೊಳ್ಳಿರೆಂದು ರಾಜ್ಯಗಳಿಗೆ ಬರೆದದ್ದು ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಆಧಾರದ ಮೇಲೆ. ಮಿಷಿಗನ್ನಿನಲ್ಲಿ ಬ್ಲೇಡು ಕಟ್ಟಬಹುದು, ಆದರೆ ನಿಮ್ಮ ಹಾದಿಯ ಹಿಮವನ್ನು ಸಾರ್ವಜನಿಕ ರಸ್ತೆಗೆ ತಳ್ಳುವಂತಿಲ್ಲ. ಅದು ತಪ್ಪು, ದಂಡವಿದೆ. ಪಕ್ಕದವನ ಹುಲ್ಲಿಗೆ ತಳ್ಳಿದರೆ ದಂಡಕ್ಕಿಂತ ದೊಡ್ಡದು ಬರುತ್ತದೆ. ಬದು ಒತ್ತಿದ ಜಗಳ ಮೂರು ತಲೆಮಾರು ಕೋರ್ಟು ಹತ್ತಿದ್ದನ್ನು ಕಂಡ ಊರಿನವನು ಹುಡುಗ, ಅದನ್ನು ಹೇಳಿಕೊಡಬೇಕಿರಲಿಲ್ಲ.

ಡಿಸೆಂಬರಿನಲ್ಲಿ ವಿಡಿಯೊ ಕಾಲ್ ಬಂತು. ನಮಗೆ ಸಂಜೆ, ಅವನಿಗೆ ನಸುಕು. ಫೋನು ಮಿಸ್ತ್ರಿಯ ಕೈಗೆ ಕೊಟ್ಟೆ. ಹಳದಿ ಬ್ಲೇಡು ಓರೆಯಾಗಿ ನಿಂತು ಹಿಮವನ್ನು ಹಿಟ್ಟಿನ ಸುರುಳಿಯಂತೆ ಬಲಕ್ಕೆ ಮಗುಚುತ್ತಿತ್ತು. ಮೂರು ಸಲ ಹೋಗಿಬಂದು ಹಾದಿ ಬಯಲಾಯಿತು. ಅಷ್ಟರಲ್ಲಿ ಊರಿನ ದೊಡ್ಡ ಪ್ಲೋ ರಸ್ತೆಯಲ್ಲಿ ಗುಡುಗುತ್ತ ಹಾದು, ಇವನ ಹಾದಿಯ ಬಾಯಿಗೆ ಅಡ್ಡಲಾಗಿ ಮೊಣಕಾಲೆತ್ತರದ ಒಂದು ಒಡ್ಡು ಹಾಕಿ ಹೋಯಿತು. ಹುಡುಗ ಏನೋ ಬೈದ. “ಇಲ್ಲೂ ರಸ್ತೆ ಗ್ರೇಡರ್ ಹ್ವಾದ ಮ್ಯಾಲ ಹೊಲದ ದಾರಿಗೆ ಹಿಂಗ ಆಗತೈತಿ ತಗೋ” ಎಂದು ನಾನು ನಕ್ಕೆ.

ಮಿಸ್ತ್ರಿ ನಗಲಿಲ್ಲ. “ಹಿಂದಿನ ಡಾಲಿ ತೋರಸ್ರಿ” ಅಂದ. ಹುಡುಗ ಇಳಿದು, ಫೋನು ಹಿಂದಕ್ಕೆ ತಿರುಗಿಸಿದ. 60 ಪೌಂಡಿನ, ಅಂದರೆ 27 ಕೆ.ಜಿ.ಯ ಮೂರು ಉಸುಕಿನ ಚೀಲ, ಒಂದರ ಮೇಲೊಂದು ಅಚ್ಚುಕಟ್ಟಾಗಿ, ಕ್ಯಾಬಿನ್ನಿನ ಗೋಡೆಗೆ ಒರಗಿಸಿ ಇಟ್ಟಿದ್ದ. ಹಿಂದಿನ ಅಚ್ಚಿಗಿಂತ ಮುಂದೆ. ಬಿಡುವು ಕೊಡಬೇಕಾದ ಚೀಲಗಳು ಮುಂದಿನ ಅಚ್ಚಿನ ಮೇಲೆ ಇನ್ನೂ 18 ಕೆ.ಜಿ. ಹೇರಿ ಕೂತಿದ್ದವು.

“ತಮ್ಮಾ, ಹಿಂದ ಸರಸು. ಬಾಗಲದ ಕಡೆ. ಸರಸಿ ಮುಂದ ಒಂದ ಕಟ್ಟಿಗಿ ಅಡ್ಡ ಹಾಕಿ ಹಗ್ಗ ಬಿಗಿ, ಬ್ರೇಕ್ ಒತ್ತಿದಾಗ ಓಡಿಬರಬಾರದು.”

ಹುಡುಗ ಫೋನನ್ನು ಡಾಲಿಯ ಅಂಚಿಗೆ ಒರಗಿಸಿಟ್ಟು ಮೇಲೆ ಹತ್ತಿದ. ನಮಗೆ ಕಂಡದ್ದು ಅವನ ಬೂಟುಗಳು, ಉಸಿರಿನ ಹೊಗೆ, ತಗಡಿನ ಮೇಲೆ ಚೀಲ ಎಳೆಯುವ ಸದ್ದು. ಒಂದು ಚೀಲ ತಗಡಿಗೆ ಹೆಪ್ಪುಗಟ್ಟಿ ಅಂಟಿತ್ತು. ಅವನು ಅದನ್ನು ಒದೆಯುತ್ತಿರುವಾಗಲೇ ಫೋನಿನ ಬ್ಯಾಟರಿ ಚಳಿಗೆ ಸತ್ತು ಪರದೆ ಕಪ್ಪಾಯಿತು.